ಬೆಳಕನ್ನು ಅಳೆದ ಮೈಕೆಲ್‌ಸನ್

ಮಿಂಚು ಮೊದಲು ಕಾಣುತ್ತದೆ, ಗುಡುಗು ಅನಂತರ ಕೇಳಿಸುತ್ತದೆ. ಶಬ್ದಕ್ಕಿಂತ ಬೆಳಕು ಎಷ್ಟೋ ವೇಗವಾಗಿ ಸಾಗುವುದೇ ಇದಕ್ಕೆ ಕಾರಣ. ಆ ವೇಗವನ್ನು ಜೀವಮಾನವಿಡೀ ಮತ್ತೆ ಮತ್ತೆ ಅಳೆದ ವಿಜ್ಞಾನಿ ಆಲ್ಬರ್ಟ್ ಮೈಕೆಲ್‌ಸನ್.

ಮೈಕೆಲ್‌ಸನ್ನರು 1852ರ ಡಿಸೆಂಬರ್ 19ರಂದು ಅಂದಿನ ಪ್ರಷ್ಯದ ಸ್ಟ್ರೆಲ್ನೊ ಎಂಬ ಊರಿನಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿಗೆ ಸೇರಿದೆ. ಅವರು ಎಳೆಯ ಮಗುವಾಗಿದ್ದಾಗಲೇ ತಂದೆತಾಯಿಗಳು ಅಮೆರಿಕಕ್ಕೆ ವಲಸೆ ಹೋದರು. ತಂದೆ ಗಣಿಗಳಿದ್ದ ಊರುಗಳಲ್ಲಿ ವ್ಯಾಪಾರ ಮಾಡಿ ಸಂಸಾರ ಸಾಗಿಸಿದರು. 1869ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಮೈಕೆಲ್‌ಸನ್ನರು ಅನ್ನಾಪೊಲಿಸಿನ ನೌಕಾ ವಿದ್ಯಾಲಯವನ್ನು ಸೇರಬಯಸಿದರು. ಮೊದಲ ಪ್ರಯತ್ನದಲ್ಲಿ ಅವಕಾಶ ದೊರೆಯಲಿಲ್ಲ. ಆದರೂ ಎದೆಗುಂದದೆ ದೂರದ ವಾಷಿಂಗ್ಟನ್ನಿಗೆ ಪ್ರಯಾಣ ಮಾಡಿ, ಅಧ್ಯಕ್ಷ ಗ್ರ್ಯಾಂಟರನ್ನೇ ಕಂಡು ಅರಿಕೆ ಮಾಡಿಕೊಂಡರು. ಕೊನೆಗೂ ಪ್ರವೇಶ ಪಡೆದರು. ಮುಂದೆ ಅದೇ ವಿದ್ಯಾಲಯದಲ್ಲಿ ಅಧ್ಯಾಪಕರಾದರು. 1879ರಲ್ಲಿ, ತಿರುಗುವ ಕನ್ನಡಿಯ ನೆರವಿನಿಂದ, ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,99,910 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು.

ಶಬ್ದವು ಗಾಳಿಯಲ್ಲಿ ಹರಡುವಂತೆ ಬೆಳಕು ಈಥರ್ ಎಂಬ ಅಗೋಚರ ಮಾಧ್ಯಮದಲ್ಲಿ ಹರಡುತ್ತದೆಂದು ಆಗಿನ ವಿಜ್ಞಾನಿಗಳು ನಂಬಿದ್ದರು. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಹಾಗಿದ್ದಲ್ಲಿ ನಮಗೆದುರಾಗಿ ಈಥರ್ ಪ್ರವಾಹದಂತೆ ಹರಿಯಬೇಕು. ಹೊಳೆಯಲ್ಲಿ ದೋಣಿಯೊಂದು ಪ್ರವಾಹಕ್ಕೆ ಎದುರಾಗಿ ಹೋಗಿ ಮರಳುವುದಕ್ಕೂ, ಅಷ್ಟೇ ದೂರ ಅಡ್ಡಲಾಗಿ ಹೋಗಿ ಮರಳುವುದಕ್ಕೂ ಬೇರೆ ಬೇರೆ ಕಾಲ ಹಿಡಿಯುತ್ತದೆ. ಬೆಳಕಿನಲ್ಲಿಯೂ ಇಂತಹ ವ್ಯತ್ಯಾಸ ಕಾಣಬೇಕೆಂದು ಮೈಕೆಲ್‌ಸನ್ನರು ತರ್ಕಿಸಿದರು.

ಅವರು 1881ರಲ್ಲಿ ಜರ್ಮನಿಯಲ್ಲಿ ಮೊದಲು ಪ್ರಯತ್ನಿಸಿದರು. 1887ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಎಡ್ವರ್ಡ್ ಮಾರ್ಲಿಯವರೊಡನೆ ಪ್ರಯೋಗವನ್ನು ಇನ್ನಷ್ಟು ಸೂಕ್ಷ್ಮವಾಗಿ ನಡೆಸಿದರು. ಉಪಕರಣವು ಅಲುಗದಿರಲೆಂದು ದೊಡ್ಡ ಕಲ್ಲುಚಪ್ಪಡಿಯನ್ನು ಪಾದರಸದ ಮೇಲೆ ತೇಲಿಬಿಟ್ಟು, ಅದರ ಮೇಲೆ ಕನ್ನಡಿಗಳನ್ನು ಜೋಡಿಸಿದರು. ಬೆಳಕಿನ ಕಿರಣವೊಂದನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾದ ದಿಕ್ಕುಗಳಲ್ಲಿ ಕಳುಹಿಸಿ ಮತ್ತೆ ಕೂಡಿಸಿದರು. ಚಪ್ಪಡಿಯನ್ನು ಯಾವ ದಿಕ್ಕಿಗೆ ತಿರುಗಿಸಿದರೂ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ.

ಇದು ಮೈಕೆಲ್‌ಸನ್ನರಿಗೆ ನಿರಾಶೆಯನ್ನುಂಟುಮಾಡಿತು. ಆದರೆ ಅವರು ಫಲಿತಾಂಶವನ್ನು ಮರೆಮಾಚಲಿಲ್ಲ. ತಮ್ಮ ನಂಬಿಕೆಗೆ ಹೊಂದುವಂತೆ ತಿದ್ದಲೂ ಇಲ್ಲ. ಕಂಡುದನ್ನು ಕಂಡಂತೆಯೇ ಪ್ರಕಟಿಸಿದರು. ಚಲಿಸುವ ವಸ್ತುವು ಚಲನೆಯ ದಿಕ್ಕಿನಲ್ಲಿ ಕುಗ್ಗುವುದರಿಂದ ವ್ಯತ್ಯಾಸ ಮರೆಯಾಗಿರಬಹುದೆಂದು ಐರ್ಲೆಂಡಿನ ಫಿಟ್ಸ್‌ಜೆರಾಲ್ಡ್ 1889ರಲ್ಲಿಯೂ, ಹಾಲೆಂಡಿನ ಲೊರೆಂಟ್ಸ್ 1892ರಲ್ಲಿಯೂ ಸೂಚಿಸಿದರು. 1905ರಲ್ಲಿ ಐನ್‌ಸ್ಟೈನರು ಈಥರಿನ ಅಗತ್ಯವೇ ಇಲ್ಲವೆಂದರು. ಏಕರೀತಿಯಲ್ಲಿ ಚಲಿಸುವ ಎಲ್ಲ ವೀಕ್ಷಕರಿಗೂ ನಿರ್ವಾತದಲ್ಲಿ ಬೆಳಕಿನ ವೇಗ ಒಂದೇ. ಉದ್ದ ಮತ್ತು ಕಾಲಗಳ ಅಳತೆಗಳೇ ವೀಕ್ಷಕರಿಂದ ವೀಕ್ಷಕರಿಗೆ ಬೇರೆಯಾಗುತ್ತವೆ. ಬೆಳಕಿನ ವೇಗದ ನೂರಕ್ಕೆ 60ರಷ್ಟು ವೇಗದಲ್ಲಿ ಉದ್ದುದ್ದಕ್ಕೆ ಸಾಗುವ ಒಂದು ಮೀಟರ್ ಕೋಲು, ನಿಂತು ಅಳೆಯುವವರಿಗೆ 80 ಸೆಂಟಿಮೀಟರ್ ಮಾತ್ರ. ಕೋಲಿನೊಡನೆಯೇ ಸಾಗುವವರಿಗೆ ಅದು ಒಂದು ಮೀಟರಾಗಿಯೇ ಇರುತ್ತದೆ.

1907ರಲ್ಲಿ ಮೈಕೆಲ್‌ಸನ್ನರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ವಿಜ್ಞಾನದಲ್ಲಿ ಈ ಗೌರವ ಪಡೆದ ಮೊದಲ ಅಮೆರಿಕನ್ನರು ಅವರೇ. ಆದರೂ ಈಥರಿನ ಮೇಲಣ ಅವರ ಮಮತೆ ಕೊನೆಯವರೆಗೂ ಪೂರ್ಣವಾಗಿ ಅಳಿಯಲಿಲ್ಲ. ಮುಪ್ಪಿನಲ್ಲಿಯೂ ಅವರು ಕ್ಯಾಲಿಫೋರ್ನಿಯದ ಎರಡು ಬೆಟ್ಟಗಳ ನಡುವೆ, 35 ಕಿಲೋಮೀಟರ್ ದೂರ ಬೆಳಕನ್ನು ಹಾಯಿಸಿ ಅದರ ವೇಗವನ್ನು ಅಳೆದರು. ಮತ್ತೊಂದು ಅಳತೆ ನಡೆಯುತ್ತಿದ್ದಾಗಲೇ, 1931ರ ಮೇ 9ರಂದು ತೀರಿಕೊಂಡರು. ಉಳಿದ ಕೆಲಸವನ್ನು ಸಹೋದ್ಯೋಗಿಗಳು ಪೂರೈಸಿದರು.

1983ರಿಂದ ಮೀಟರಿನ ಉದ್ದವನ್ನು ಬೆಳಕಿನ ವೇಗದಿಂದಲೇ ನಿರ್ಧರಿಸಲಾಗುತ್ತಿದೆ. ಮೈಕೆಲ್‌ಸನ್ನರು ಹುಡುಕಿದ್ದು ಅವರಿಗೆ ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನು ಅವರು ಪ್ರಾಮಾಣಿಕವಾಗಿ ಹೇಳಿದ್ದರಿಂದ ಲೋಕದ ತಿಳಿವು ಬೆಳೆಯಿತು.