ಮರೆವನ್ನು ಅಳೆದ ಎಬ್ಬಿಂಗ್‌ಹೌಸ್

ರಾತ್ರಿ ಕಂಠಪಾಠ ಮಾಡಿದ ಪಾಠವು ಬೆಳಗಾಗುವಷ್ಟರಲ್ಲಿ ನಾಲಗೆಯ ಮೇಲೆ ತಡವರಿಸುವುದು ಎಲ್ಲರ ಅನುಭವ. ಕಲಿತದ್ದು ಎಷ್ಟು ಹೊತ್ತಿನಲ್ಲಿ ಎಷ್ಟು ಮರೆತುಹೋಗುತ್ತದೆ ಎಂಬುದನ್ನು ಮೊದಲು ಅಂಕಿಗಳಲ್ಲಿ ತೋರಿಸಿದವನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್.

1850ನೆಯ ಜನವರಿ 24ರಂದು ಪ್ರಷ್ಯದ ಬಾರ್ಮೆನ್ ಪಟ್ಟಣದ ವರ್ತಕ ಮನೆತನದಲ್ಲಿ ಆತನು ಜನಿಸಿದನು. ಬಾನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಫ್ರಾನ್ಸಿನೊಡನೆ ನಡೆದ ಯುದ್ಧದಲ್ಲಿ ಸೈನಿಕನಾಗಿದ್ದು, 1873ರಲ್ಲಿ ಡಾಕ್ಟರೇಟ್ ಪದವಿ ಪಡೆದನು. ಮುಂದೆ ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ ಪಾಠ ಹೇಳಿ ಕಾಲ ಕಳೆಯುತ್ತಿದ್ದಾಗ ಫೆಕ್ನರ್ ಎಂಬ ವಿಜ್ಞಾನಿಯ ಗ್ರಂಥವೊಂದು ಅವನ ಕೈಸೇರಿತು. ಇಂದ್ರಿಯಾನುಭವಗಳನ್ನು ಗಣಿತದಿಂದ ಅಳೆಯುವ ಪ್ರಯತ್ನ ಅದರಲ್ಲಿತ್ತು. ನೆನಪನ್ನೂ ಹಾಗೆಯೇ ಏಕೆ ಅಳೆಯಬಾರದು? ಅಂಥ ಉನ್ನತ ಮನೋವ್ಯಾಪಾರಗಳು ಪ್ರಯೋಗಕ್ಕೆ ಸಿಕ್ಕುವುದಿಲ್ಲವೆಂದು ವುಂಟ್‌ನಂತಹ ಹಿರಿಯ ವಿದ್ವಾಂಸರು ನಂಬಿದ್ದ ಕಾಲವದು.

ಎಬ್ಬಿಂಗ್‌ಹೌಸನಿಗೆ ಪ್ರಯೋಗಶಾಲೆಯಿರಲಿಲ್ಲ, ಸಹಾಯಕರಿರಲಿಲ್ಲ. ತನ್ನ ಮನಸ್ಸನ್ನೇ ಅವನು ಪ್ರಯೋಗಕ್ಕೆ ಒಡ್ಡಿದನು. ಪರಿಚಿತವಾದ ಮಾತುಗಳಿಗೆ ಹಳೆಯ ನೆನಪುಗಳು ಅಂಟಿಕೊಂಡಿರುತ್ತವೆಂದು, ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಸುಮಾರು 2300 ಅರ್ಥಹೀನ ಶಬ್ದಗಳನ್ನು ರಚಿಸಿಕೊಂಡನು. ಗಡಿಯಾರದ ಸದ್ದಿಗೆ ಸರಿಯಾಗಿ ನಿಮಿಷಕ್ಕೆ 150ರಂತೆ ಅವುಗಳ ಪಟ್ಟಿಗಳನ್ನು ಓದಿ ಬಾಯಿಪಾಠ ಮಾಡುವನು. ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯುವನು. ಮೊದಲ ಸಲ ಹತ್ತು ನಿಮಿಷ ಹಿಡಿದ ಪಟ್ಟಿಗೆ ಎರಡನೆಯ ಸಲ ಆರು ನಿಮಿಷ ಸಾಕಾದರೆ, ನೂರಕ್ಕೆ 40ರಷ್ಟು ಉಳಿದಿದೆಯೆಂದು ಲೆಕ್ಕ. ಇಷ್ಟು ಬೇಸರದ ಕೆಲಸವನ್ನು 1879ರಿಂದ ಒಂದು ವರ್ಷ ನಡೆಸಿ, ಸಂಶಯ ಉಳಿಯಬಾರದೆಂದು 1883ರಲ್ಲಿ ಮತ್ತೆ ಕೈಗೊಂಡನು.

1885ರಲ್ಲಿ ಫಲಿತಾಂಶಗಳು ಗ್ರಂಥರೂಪದಲ್ಲಿ ಹೊರಬಂದವು. ಕಲಿತ 20 ನಿಮಿಷಗಳಲ್ಲಿಯೇ ಉಳಿದುದು ನೂರಕ್ಕೆ 58. ಒಂದು ಗಂಟೆಯ ಮೇಲೆ 44. ಒಂದು ದಿನದ ಮೇಲೆ 34. ಆದರೆ 31 ದಿನಗಳು ಕಳೆದರೂ 21ರಷ್ಟು ಅಳಿಯದೆ ಇತ್ತು! ಮರೆವು ಮೊದಲು ಧುಮುಕುತ್ತದೆ, ಅನಂತರ ತೆವಳುತ್ತದೆ. ಒಂದು ಪಟ್ಟಿಯನ್ನು ಒಂದೇ ದಿನ ಬಿಡದೆ 68 ಸಲ ಓದಿ ಪಡೆದ ಫಲ, ಮೂರು ದಿನಗಳಿಗೆ ಹಂಚಿ ಓದಿದಾಗ 38 ಸಲಕ್ಕೇ ದೊರೆಯಿತು. ಬೈರನ್ ಕವಿಯ ಪದ್ಯಗಳನ್ನು ಕಲಿಯಲು ಅರ್ಥಹೀನ ಶಬ್ದಗಳಿಗೆ ಬೇಕಾದ ಶ್ರಮದಲ್ಲಿ ಹತ್ತನೆಯ ಒಂದು ಪಾಲು ಸಾಕಾಯಿತು.

1894ರಲ್ಲಿ ಬರ್ಲಿನ್ನಿನ ಮುಖ್ಯ ಪ್ರಾಧ್ಯಾಪಕ ಪೀಠ ಬೇರೊಬ್ಬನಿಗೆ ದೊರೆತು, ಎಬ್ಬಿಂಗ್‌ಹೌಸನು ಬ್ರೆಸ್ಲಾವಿಗೆ ತೆರಳಿದನು. ಅಲ್ಲಿ ಶಾಲಾಮಕ್ಕಳಿಗಾಗಿ ವಾಕ್ಯಗಳ ಬಿಟ್ಟ ಸ್ಥಳ ತುಂಬಿಸುವ ಪರೀಕ್ಷೆಯನ್ನು ರೂಪಿಸಿದವನೂ ಅವನೇ. 1909ನೆಯ ಫೆಬ್ರವರಿಯಲ್ಲಿ ಹಾಲೆ ನಗರದಲ್ಲಿ ನ್ಯುಮೋನಿಯದಿಂದ ತೀರಿಕೊಂಡನು.

ಒಬ್ಬನ ಮನಸ್ಸನ್ನು ಮಾತ್ರ ಅಳೆದ ಲೆಕ್ಕವನ್ನು ನಂಬಬಹುದೇ ಎಂಬ ಸಂದೇಹ ನ್ಯಾಯವಾದುದೇ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರಿಬ್ಬರು ಅದೇ ಪ್ರಯೋಗವನ್ನು ಪುನಃ ನಡೆಸಿ 2015ರಲ್ಲಿ ಪ್ರಕಟಿಸಿದಾಗ, 130 ವರ್ಷಗಳ ಹಿಂದಿನ ಆ ಮರೆವಿನ ರೇಖೆಯೇ ಬಹುಮಟ್ಟಿಗೆ ಮತ್ತೆ ಮೂಡಿತು.