ಹಾಡಿನ ಕೊನೆಗೆ ಹೆಸರು ಹೇಳಿದ ಗೌಹರ್ ಜಾನ್



ಮೊನ್ನೆ ನಮ್ಮ ಮದಕರಿಪುರದಲ್ಲಿ ಒಬ್ಬ ಅಣ್ಣ ಮೊಬೈಲಿಗೆ ನಾಲ್ಕು ಸಾಲು ಬರೆದುಕೊಟ್ಟ. ಅದರೊಳಗಿನ ಎ.ಐ. ಒಂದೇ ಗಳಿಗೆಯಲ್ಲಿ ರಾಗ ಹಾಕಿ ಹಾಡಿಬಿಡ್ತು! ಇದು ಕಲೆಯೋ ಅಲ್ಲವೋ ಅಂತ ತರಗತಿಯಲ್ಲಿ ಜಗಳವೇ ಆಯಿತು. ಮೇಷ್ಟ್ರು ಜಗಳ ಬಿಡಿಸಿ ಗೌಹರ್ ಜಾನ್ ಕಥೆ ಹೇಳಿದರು.

ಗೌಹರ್ ಜಾನ್ 1873ರಲ್ಲಿ ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಹುಟ್ಟಿದರು. ತಾಯಿ ಮಲ್ಕಾ ಜಾನ್ ಕೂಡ ಗಾಯಕಿ. 1902ರಲ್ಲಿ ಗ್ರಾಮಫೋನಿನವರು ಕಲ್ಕತ್ತೆಗೆ ಬಂದಾಗ ಎಷ್ಟೋ ಗಾಯಕರು ಯಂತ್ರದ ಮುಂದೆ ಹಾಡಲು ಹೆದರಿದರು. ಗೌಹರ್ ಹೆದರಲಿಲ್ಲ. ಗಂಟೆಗಟ್ಟಲೆ ಹಾಡೋ ರಾಗವನ್ನು ಮೂರೇ ನಿಮಿಷಕ್ಕೆ ಇಳಿಸಿ ಹಾಡಿದರು. ಮುಗಿದ ಕೂಡಲೇ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಯಾಕೆಂದರೆ ಪ್ಲೇಟು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ! 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಆ ಯಂತ್ರ ಹಾಡನ್ನು ಹಿಡಿದಿಟ್ಟಿತು ಅಷ್ಟೇ, ಹಾಡಿದ್ದು ಗೌಹರ್. ಈಗಿನ ಯಂತ್ರ ಎಷ್ಟೋ ಜನರ ಹಾಡುಗಳಿಂದ ಕಲಿತು ತಾನೇ ಹಾಡುತ್ತದೆ. ಕೊನೆಗೆ ಯಾರ ಹೆಸರು ಕೂಗಬೇಕು? ಅಣ್ಣನದೋ, ಯಂತ್ರದ್ದೋ, ಆ ಗಾಯಕರದ್ದೋ? ಅದು ಗೊತ್ತಾಗೋವರೆಗೂ ನಾನು ಅದನ್ನು ಕಲೆ ಅನ್ನಲ್ಲ. ನೀವೇನಂತೀರಿ?

– 7ನೇ ತರಗತಿ