ಡಾ. ಹೋಮಿ ಭಾಭಾ: ಆಕಾಶವೇ ಪ್ರಯೋಗಶಾಲೆ

ಖಾನಾಪುರದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುವ ಆ ದಿನಗಳಲ್ಲಿ ಮನೆಯ ಹೆಂಚೇ ನಮಗೆ ರಕ್ಷೆ. ಆದರೆ ಯಾವ ಹೆಂಚೂ ತಡೆಯಲಾರದ ಇನ್ನೊಂದು ಮಳೆಯುಂಟು. ಅದು ಹನ್ನೆರಡು ತಿಂಗಳೂ, ಹಗಲಿರುಳೂ ಸುರಿಯುತ್ತದೆ. ನಮ್ಮ ಅಂಗೈಯ ಒಂದೊಂದು ಚದರ ಸೆಂಟಿಮೀಟರಿನ ಮೂಲಕ ನಿಮಿಷಕ್ಕೆ ಸುಮಾರು ಒಂದು ಸೂಕ್ಷ್ಮ ಕಣ ಹಾದುಹೋಗುತ್ತದೆ. ನಮಗೆ ಅದರ ಅರಿವೇ ಇರುವುದಿಲ್ಲ. ವಿಶ್ವಕಿರಣಗಳೆಂಬ ಈ ಮಳೆಯ ಗುಟ್ಟನ್ನು ಬಿಡಿಸುವುದಕ್ಕೆ ತಮ್ಮ ತಾರುಣ್ಯವನ್ನು ಮುಡಿಪಾಗಿಟ್ಟವರು ಡಾ. ಹೋಮಿ ಜಹಾಂಗೀರ ಭಾಭಾ. ಭಾರತದ ಅಣುಶಕ್ತಿಯ ಶಿಲ್ಪಿಯೆಂದು ಅವರ ಹೆಸರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ನಮ್ಮ ಕನ್ನಡನಾಡಿನಲ್ಲೇ ಆರು ವರ್ಷ ನೆಲೆಸಿ, ಇರುವ ಅನುಕೂಲದಲ್ಲೇ ದೊಡ್ಡ ಕೆಲಸಕ್ಕೆ ಕೈಹಾಕಿದ ಭಾಭಾ ಅವರನ್ನು ಬಲ್ಲವರು ಕಡಿಮೆ. ಅವರನ್ನು ವಾಚಕ ಮಿತ್ರರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಹೋಮಿಯವರು ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಅನುಕೂಲಸ್ಥ ಪಾರ್ಸಿ ಮನೆತನದಲ್ಲಿ. ತಂದೆ ಜಹಾಂಗೀರರು ನ್ಯಾಯವಾದಿಗಳು, ತಾಯಿ ಮೆಹರ್‌ಬಾಯಿ. ಅಜ್ಜ ಹೊರ್ಮಸ್‌ಜಿಯವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಗಳಾಗಿದ್ದವರು. ಸೋದರತ್ತೆಯನ್ನು ಸರ್ ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟಿತ್ತು. ಮಗನು ವಿಲಾಯತಿಯಲ್ಲಿ ಇಂಜಿನಿಯರಿಂಗ್ ಓದಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯನ್ನು ಸೇರಬೇಕೆಂಬುದು ಮನೆಯವರ ಬಯಕೆ. ಆದರೆ 1927ರಲ್ಲಿ ಕೇಂಬ್ರಿಜ್ ಸೇರಿದ ತರುಣನ ಮನಸ್ಸು ಭೌತಶಾಸ್ತ್ರದ ಕಡೆ ಹರಿಯಿತು. ಇಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದರೆ ಮುಂದಿನ ಓದು ಅವನ ಇಚ್ಛೆಯಂತೆ ಎಂದು ತಂದೆ ಕರಾರು ಹಾಕಿದರು. 1930ರಲ್ಲಿ ಮಗ ಕರಾರನ್ನು ತೀರಿಸಿದ. ತಂದೆಯೂ ಮಾತು ಉಳಿಸಿಕೊಂಡರು.

ಮುಂದಿನ ಒಂಬತ್ತು ವರ್ಷಗಳು ಭಾಭಾ ಅವರ ಸಂಶೋಧನೆಯ ಸುಗ್ಗಿಯ ಕಾಲ. ಎಲೆಕ್ಟ್ರಾನ್ ಕಣವೂ ಅದರ ಪ್ರತಿರೂಪವಾದ ಪಾಸಿಟ್ರಾನ್ ಕಣವೂ ಎದುರುಬದುರಾಗಿ ಬಂದಾಗ ಹೇಗೆ ಚದರುತ್ತವೆ ಎಂಬುದನ್ನು ಅವರು ಲೆಕ್ಕ ಹಾಕಿದರು. ಆ ಲೇಖನ 1936ರಲ್ಲಿ ಪ್ರಕಟವಾಯಿತು. ಆ ಕ್ರಿಯೆಗೆ ಇಂದಿಗೂ ಭಾಭಾ ಚದರಿಕೆ ಎಂದೇ ಹೆಸರು. 1937ರಲ್ಲಿ ವಾಲ್ಟರ್ ಹೈಟ್ಲರ್ ಅವರೊಡನೆ ಸೇರಿ ವಿಶ್ವಕಿರಣಗಳ ತುಂತುರಿನ ಸಿದ್ಧಾಂತವನ್ನು ರಚಿಸಿದರು. ವೇಗದ ಎಲೆಕ್ಟ್ರಾನ್ ಒಂದು ಪರಮಾಣುವಿನ ಬೀಜದ ಬಳಿ ಸಾಗುವಾಗ ಗಾಮಾ ಕಿರಣವನ್ನು ಚೆಲ್ಲುತ್ತದೆ. ಆ ಕಿರಣ ಇನ್ನೊಂದು ಬೀಜದ ಬಳಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ. ಆ ಎರಡೂ ಮತ್ತೆ ಕಿರಣಗಳನ್ನು ಚೆಲ್ಲುತ್ತವೆ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕಣಗಳ ದೊಡ್ಡ ತುಂತುರೇ ಇಳಿದುಬರುತ್ತದೆ. ಮೇಸಾನ್ ಎಂದು ಆಗ ಕರೆಯುತ್ತಿದ್ದ, ಇಂದು ಮ್ಯೂಆನ್ ಎನ್ನುವ ಕಣದ ವಿಷಯದಲ್ಲೂ ಅವರು 1938ರಲ್ಲಿ ಒಂದು ಸೂಕ್ಷ್ಮವನ್ನು ಹೇಳಿದರು. ಅದರ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರ್ ಸಾಗುವುದೂ ಕಷ್ಟ. ಆದರೂ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಹುಟ್ಟಿ ನಮ್ಮ ಹೆಂಚಿನವರೆಗೆ ಬರುತ್ತದೆ. ಐನ್‌ಸ್ಟೈನರ ಸಾಪೇಕ್ಷತಾವಾದದಂತೆ, ಅತಿವೇಗದ ಕಣದ ಗಡಿಯಾರ ನಮ್ಮ ದೃಷ್ಟಿಗೆ ನಿಧಾನವಾಗಿ ನಡೆಯುವುದೇ ಇದಕ್ಕೆ ಕಾರಣ.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಸಿಡಿಯಿತು. ಮರಳುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸರ್ ಸಿ. ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ, ಅವರು ರೀಡರ್ ಆಗಿ ಸೇರಿದರು. ಪಾಶ್ಚಾತ್ಯ ದೇಶಗಳಲ್ಲಿ ಕಣಗಳನ್ನು ವೇಗಗೊಳಿಸುವ ಯಂತ್ರಗಳು ಆಗತಾನೇ ತಲೆಯೆತ್ತುತ್ತಿದ್ದವು. ನಮ್ಮಲ್ಲಿ ಅಂಥ ಯಂತ್ರವಿರಲಿಲ್ಲ, ಹಣವೂ ಇರಲಿಲ್ಲ. ಬೇರೆಯವರಾದರೆ ಯುದ್ಧ ಮುಗಿಯುವವರೆಗೆ ಕೈಕಟ್ಟಿ ಕುಳಿತಿರುತ್ತಿದ್ದರೇನೋ.

ಭಾಭಾ ಅವರು ಇಲ್ಲದ್ದನ್ನು ಎಣಿಸಲಿಲ್ಲ, ಇದ್ದದ್ದನ್ನು ಎಣಿಸಿದರು. ಬೆಂಗಳೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ಬಲು ಹತ್ತಿರ. ಅಲ್ಲಿ ಭೂಮಿಯ ಕಾಂತಕ್ಷೇತ್ರವು ಕಡಿಮೆ ಶಕ್ತಿಯ ವಿಶ್ವಕಣಗಳನ್ನು ಹೊರಗೇ ತಿರುಗಿಸಿಬಿಡುತ್ತದೆ. ಒಳಗೆ ಬರುವವು ಹೆಚ್ಚಿನ ಶಕ್ತಿಯವು ಮಾತ್ರ. ಯಂತ್ರವಿಲ್ಲದವರಿಗೆ ಪ್ರಕೃತಿಯೇ ಜರಡಿ ಹಿಡಿದು ಕೊಟ್ಟಂತಾಯಿತು. ಅವರು ವಿಶ್ವಕಿರಣ ಸಂಶೋಧನೆಯ ಘಟಕವನ್ನು ಆರಂಭಿಸಿ, ಗೈಗರ್ ಎಣಿಕೆಯ ಉಪಕರಣಗಳನ್ನು ಯುದ್ಧಕಾಲದ ವಿಮಾನಗಳಲ್ಲಿ ಸುಮಾರು 30,000 ಅಡಿ ಎತ್ತರದವರೆಗೆ ಕಳುಹಿಸಿ ಕಣಗಳನ್ನು ಎಣಿಸಿದರು. ಮುಂದೆ ಜಗದ್ವಿಖ್ಯಾತ ಗಣಿತಜ್ಞರಾದ ಹರೀಶ್‌ಚಂದ್ರರು ಅಲ್ಲಿಯೇ ಅವರೊಡನೆ ದುಡಿದರು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಭಾಭಾ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಆಗ ಅವರ ವಯಸ್ಸು 31.

ಇಲ್ಲಿ ಅವರನ್ನು ಕಾಡಿದ ಒಂದು ತೊಡಕನ್ನು ಹೇಳಲೇಬೇಕು. ಎಲೆಕ್ಟ್ರಾನುಗಳ ಲೆಕ್ಕವನ್ನು ಮಾಡುವುದು ಸಂತೆಯ ಲೆಕ್ಕದಂತೆ: ಮೊದಲು ರೂಪಾಯಿ ಕೂಡಿ, ಆಮೇಲೆ ಪೈಸೆ ಕೂಡುವುದು. ಮೊದಲ ಅಂದಾಜು ದೊಡ್ಡದು. ಅನಂತರದ ತಿದ್ದುಪಡಿಗಳು ಚಿಕ್ಕ ಚಿಕ್ಕವು. ಆದರೆ ಆಕಾಶದ ಪ್ರೋಟಾನ್ ಬಂದು ಗಾಳಿಯ ಪರಮಾಣುಬೀಜಕ್ಕೆ ಡಿಕ್ಕಿ ಹೊಡೆದು ಹೊಸ ಮೇಸಾನುಗಳು ಹುಟ್ಟುವಾಗ ಕೆಲಸ ಮಾಡುವುದು ಬೀಜವನ್ನು ಬಿಗಿದಿಟ್ಟಿರುವ ಪ್ರಬಲ ಶಕ್ತಿ. ಅಲ್ಲಿ ಪೈಸೆಯ ಮೊತ್ತವೇ ರೂಪಾಯಿಯ ಮೊತ್ತವನ್ನು ಮೀರುತ್ತದೆ, ಲೆಕ್ಕ ಕೈಕೊಡುತ್ತದೆ. ಒಂದು ಡಿಕ್ಕಿಯಲ್ಲಿ ಎಷ್ಟು ಕಣಗಳು, ಹೇಗೆ ಹುಟ್ಟುತ್ತವೆ? ಭಾಭಾ ಅವರು ಈ ಪ್ರಶ್ನೆಯನ್ನು ಕೈಬಿಡಲಿಲ್ಲ. 1953ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಮೇಸಾನುಗಳ ಉತ್ಪತ್ತಿಯನ್ನು ಕುರಿತು ಬರೆಯುತ್ತ, ಡಿಕ್ಕಿ ಹೊಡೆಯುವ ಕಣದೊಳಗೆ ಶಕ್ತಿ ಎಲ್ಲಿ ನೆಲೆಸಿರುತ್ತದೆ ಎಂಬ ಮೂಲಕ್ಕೇ ಕೈಹಾಕಿದರು.

ಆದರೆ ಅಷ್ಟರಲ್ಲಿ ಬೇರೊಂದು ಹೊಣೆ ಅವರ ಹೆಗಲೇರಿತ್ತು. ಯುದ್ಧ ಮುಗಿದೊಡನೆ ಪರದೇಶಕ್ಕೆ ಮರಳುವ ಯೋಚನೆಯನ್ನು ಬೆಂಗಳೂರಿನಲ್ಲಿದ್ದಾಗಲೇ ಅವರು ಬಿಟ್ಟಿದ್ದರು. 1944ರ ಮಾರ್ಚಿನಲ್ಲಿ ದೊರಾಬ್‌ಜಿ ಟಾಟಾ ಧರ್ಮನಿಧಿಗೆ ಪತ್ರ ಬರೆದು, ಮೂಲಭೂತ ಭೌತಶಾಸ್ತ್ರಕ್ಕೆ ನಮ್ಮದೇ ಆದ ವಿದ್ಯಾಕೇಂದ್ರವೊಂದು ಬೇಕೆಂದೂ, ಮುಂದೆ ಅಣುಶಕ್ತಿ ಬಳಕೆಗೆ ಬಂದಾಗ ತಜ್ಞರಿಗಾಗಿ ಭಾರತ ಪರರ ಮುಖ ನೋಡಬಾರದೆಂದೂ ಬಿನ್ನವಿಸಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆ 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಗೆ, ಭಾಭಾ ಅವರು ಜನಿಸಿದ ಮನೆಗೇ ಬಂದು ನೆಲೆಸಿತು. ಆಗ ನಮ್ಮ ಬೆಳಗಾವಿಯೂ ಮುಂಬಯಿ ಪ್ರಾಂತದ ಜಿಲ್ಲೆಯೇ. 1948ರಲ್ಲಿ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಿತು. ಚಿತ್ರಕಲೆ, ಸಂಗೀತಗಳನ್ನೂ ಒಲಿಸಿಕೊಂಡಿದ್ದ ಅವರು ಅವಿವಾಹಿತರಾಗಿಯೇ ಉಳಿದರು. ಈ ಕಾರ್ಯಭಾರದಲ್ಲಿ ಅವರ ಸ್ವಂತ ಸಂಶೋಧನೆ ಹಿಂದೆ ಬಿತ್ತೆಂಬುದು ನಿಜ. ತಾವು ಬಿಡಿಸಬಹುದಾಗಿದ್ದ ಸಮಸ್ಯೆಗಳನ್ನು ಬದಿಗಿಟ್ಟು, ಬಿಡಿಸಬಲ್ಲ ನೂರಾರು ತರುಣರನ್ನು ಅವರು ಸಿದ್ಧಗೊಳಿಸಿದರು. ಇದು ಸಣ್ಣ ತ್ಯಾಗವಲ್ಲ.

ಅದರ ಫಲವೂ ನಮ್ಮ ನಾಡಿನಲ್ಲೇ ಕಾಣಿಸಿತು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು, ಬೇರೆ ಬೇರೆ ಆಳಗಳಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದರು. ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಆ ಮಳೆ ಬಹುತೇಕ ನಿಂತೇ ಹೋಗುತ್ತದೆ. ಆ ನಿಶ್ಶಬ್ದದಲ್ಲಿ, 1965ರಲ್ಲಿ, ಟಾಟಾ ಸಂಸ್ಥೆಯವರು ಇಂಗ್ಲೆಂಡಿನ ಡರ್‌ಹ್ಯಾಮ್ ಹಾಗೂ ಜಪಾನಿನ ಒಸಾಕಾ ತಂಡಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತನ್ನು ಪತ್ತೆಹಚ್ಚಿದರು. ಚಿನ್ನ ತೆಗೆಯುವ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಸಿಕ್ಕ ಈ ಚಿನ್ನ ಮಾತ್ರ ಸವೆಯುವಂಥದ್ದಲ್ಲ.

ಮರುವರ್ಷ, 1966ರ ಜನವರಿ 24ರಂದು, ವಿಯೆನ್ನಾದ ಸಭೆಗೆಂದು ಹೊರಟಿದ್ದ ಭಾಭಾ ಅವರ ವಿಮಾನ ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಬಡಿಯಿತು. ಅದರಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಅವರಿಗಾಗ 56 ವರ್ಷ. ಲಾಲ್ ಬಹಾದೂರ್ ಶಾಸ್ತ್ರಿಯವರನ್ನು ಕಳೆದುಕೊಂಡು ಎರಡು ವಾರವೂ ತುಂಬದ ದೇಶಕ್ಕೆ ಇದು ಗಾಯದ ಮೇಲೆ ಬಿದ್ದ ಬರೆ.

ಅವರು ಗತಿಸಿದ ಏಳು ವರ್ಷಗಳ ತರುವಾಯ ಆ ಹಳೆಯ ತೊಡಕು ಒಂದಿಷ್ಟು ಸಡಿಲಾಯಿತು. ಪ್ರೋಟಾನಿನೊಳಗೆ ಕ್ವಾರ್ಕ್ ಎಂಬ ಕಣಗಳಿವೆ. ಅವುಗಳ ನಡುವಿನ ಪ್ರಬಲ ಶಕ್ತಿ ಅತಿ ಸಮೀಪದಲ್ಲಿ ದುರ್ಬಲವಾಗುತ್ತದೆ ಎಂದು 1973ರಲ್ಲಿ ಗ್ರಾಸ್, ವಿಲ್‌ಚೆಕ್, ಪೊಲಿಟ್ಜರ್ ಎಂಬ ವಿಜ್ಞಾನಿಗಳು ತೋರಿಸಿದರು. ಬಹು ಜೋರಾದ ಡಿಕ್ಕಿಯಲ್ಲಿ ಕ್ವಾರ್ಕುಗಳು ಅಷ್ಟು ಸಮೀಪ ಬರುವುದರಿಂದ ರೂಪಾಯಿ ಮೊದಲು, ಪೈಸೆ ಆಮೇಲೆ ಎಂಬ ಲೆಕ್ಕ ಅಲ್ಲಿ ಮತ್ತೆ ನಡೆಯುತ್ತದೆ. ಕ್ವಾಂಟಂ ಕ್ರೋಮೋಡೈನಮಿಕ್ಸ್ ಎಂಬ ಶಾಸ್ತ್ರದ ಒಂದು ಮುಖ್ಯ ಶಾಖೆ ಇದರ ಮೇಲೆ ನಿಂತಿದೆ. ಆದರೂ ಕ್ವಾರ್ಕುಗಳು ಕೊನೆಗೆ ಮೇಸಾನುಗಳಾಗಿ ಹೆಪ್ಪುಗಟ್ಟುವ ಘಟ್ಟ ಈ ಲೆಕ್ಕಕ್ಕೆ ಇಂದಿಗೂ ಸಿಕ್ಕಿಲ್ಲ. ಅಲ್ಲಿ ಅಳತೆಯನ್ನೇ ಆಶ್ರಯಿಸಬೇಕು. ಜಿನೀವಾದ ಬಳಿಯ ಸರ್ನ್ ಸಂಸ್ಥೆಯ ದೊಡ್ಡ ಯಂತ್ರದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿ ಅಳೆಯುವವರಲ್ಲಿ ಟಾಟಾ ಸಂಸ್ಥೆಯವರೂ ಇದ್ದಾರೆ. ಅಲ್ಲಿ ಕಣಗಳ ಶಕ್ತಿಯನ್ನು ಅಳೆಯುವ ಉಪಕರಣಗಳಲ್ಲಿ ಇಳಿಯುವುದು 1937ರ ಅದೇ ತುಂತುರು. ಬಾನು ತಿಳಿಯಾಗಿರುವ ದಿನ ಅಲ್ಲಿಂದ ಮೋಂ ಬ್ಲಾಂ ಶಿಖರವೂ ಕಾಣುತ್ತದೆ.

ನಮ್ಮದು ಕಲಾ ಮಹಾವಿದ್ಯಾಲಯ; ದೊಡ್ಡ ಯಂತ್ರಗಳು ನಮ್ಮಲ್ಲಿಲ್ಲ. ಅದಿಲ್ಲ, ಇದಿಲ್ಲ ಎಂಬ ಮಾತು ನಮ್ಮ ಬಾಯಲ್ಲಿ ಆಗಾಗ ಬರುತ್ತದೆ. ಯುದ್ಧದಿಂದ ದಾರಿ ಮುಚ್ಚಿ ಬೆಂಗಳೂರಿನಲ್ಲಿ ಉಳಿದ 30ರ ತರುಣನೊಬ್ಬ ತಲೆಯ ಮೇಲಿನ ಆಕಾಶವನ್ನೂ ಕಾಲಡಿಯ ಗಣಿಯನ್ನೂ ಪ್ರಯೋಗಶಾಲೆಯಾಗಿ ಕಂಡನೆಂಬುದನ್ನು ಅಂಥ ವೇಳೆ ನೆನೆಯೋಣ. ಆ ಆಕಾಶ ಬೆಳಗಾವಿಯ ಮೇಲೂ ಇದೆ, ಖಾನಾಪುರದ ಮೇಲೂ ಇದೆ.